ಯೋಗ ಕಲಿಸಬೇಕು ಅನ್ನಿಸಿದಾಗ: ಒಂದು ತಿಂಗಳ ಕೋರ್ಸಾ, ಗುರುವಿನ ಬಳಿ ವರ್ಷಗಳಾ, ಸರ್ಕಾರಿ ಪರೀಕ್ಷೆಯಾ?

ಕೆಲವು ವರ್ಷ ತಪ್ಪದೆ ಯೋಗ ಮಾಡಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಪಕ್ಕದ ಮನೆಯವರು "ನಮಗೂ ಸ್ವಲ್ಪ ಹೇಳ್ಕೊಡ್ರೀ" ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನಿಮ್ಮ ಹೆಸರು ಹಾಕಿಬಿಡುತ್ತಾರೆ. ಜೂನ್ 21ರ ಯೋಗ ದಿನ ಹತ್ತಿರ ಬಂದರೆ ಆಫೀಸಿನ ಎಚ್‌ಆರ್‌ನವರಿಗೆ ನಿಮ್ಮ ನೆನಪಾಗುತ್ತದೆ. ಕಲಿಸೋಣ ಅನ್ನುವ ಆಸೆ ನಿಮ್ಮಲ್ಲೂ ಇರುತ್ತದೆ, ಅಲ್ವಾ? ಆಮೇಲೆ ನೆಟ್‌ನಲ್ಲಿ ಹುಡುಕಲು ಕೂತರೆ ತಲೆ ಕೆಡುತ್ತದೆ. 200 ಗಂಟೆ, 500 ಗಂಟೆ, ವೈಸಿಬಿ, ವೈಐಸಿ, ಆರ್‌ವೈಟಿ, ಪಿಜಿ ಡಿಪ್ಲೊಮಾ. ಎಲ್ಲರೂ ತಮ್ಮದೇ ಸರಿ ಅನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ಕಲಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ, ಯಾವ ಸರ್ಟಿಫಿಕೇಟ್ ಅನ್ನುವುದನ್ನು ಆಮೇಲೆ ನೋಡಿ. ದುಡ್ಡು ಕಟ್ಟುವ ಮುಂಚೆ ನಿಮ್ಮ ಗುರುಗಳ ಎದುರಲ್ಲೇ ನಾಲ್ಕು ಜನರಿಗೆ ಕಲಿಸಿ ನೋಡಿ. ನಿಮಗೆ ಯಾವ ದಾರಿ ಬೇಕು ಅನ್ನುವುದು ಆ ಒಂದು ಗಂಟೆಯಲ್ಲೇ ಅರ್ಧ ಗೊತ್ತಾಗುತ್ತದೆ.

ಮಾಡುವುದು ಬೇರೆ, ಮಾಡಿಸುವುದು ಬೇರೆ

ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನವನ್ನೇ ತಗೊಳ್ಳಿ. ನಿಮಗೆ ಅದು ಸಲೀಸು. ಈಗ ಎಂಟು ಜನರಿಗೆ ಮುಖ ಮಾಡಿ ನಿಂತು ಅದನ್ನೇ ಹೇಳಿ. ಮೊದಲ ತೊಡಕು ಎಡ-ಬಲದ್ದು. ಬಾಯಲ್ಲಿ "ಬಲಗೈ ಕೆಳಗೆ" ಅನ್ನುತ್ತಾ ನೀವು ಎಡಗೈ ಇಳಿಸಬೇಕು. ಆಗಲೇ ಎದುರಿಗಿದ್ದವರಿಗೆ ಗೊಂದಲವಾಗುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಇಲ್ಲಿ ತಡವರಿಸುತ್ತಾರೆ.

ಎರಡನೆಯ ತೊಡಕು ಕಣ್ಣಿನದು. ಹಿಂದಿನ ಸಾಲಿನ ಆಂಟಿ ನೆಲ ಮುಟ್ಟಲೇಬೇಕು ಅಂತ ಹಟ ಹಿಡಿದಿದ್ದಾರೆ. ಮುಟ್ಟಿಯೂ ಬಿಟ್ಟಿದ್ದಾರೆ. ಆದರೆ ಮಂಡಿ ಬಾಗಿದೆ, ಎದೆ ನೆಲದ ಕಡೆ ತಿರುಗಿದೆ, ಉಸಿರು ಕಟ್ಟಿ ಮುಖ ಕೆಂಪಗಾಗಿದೆ. ಇದಿಷ್ಟನ್ನೂ ಗಮನಿಸಿ ನೀವು ಒಂದೇ ಮಾತು ಹೇಳಬೇಕು: "ಕೈ ಮೀನಖಂಡದ ಹತ್ತಿರ ಇಡಿ, ಉಸಿರಾಡಿ." ಕೈ ಮೇಲೆ ಬಂದರೆ ಮಂಡಿ, ಎದೆ ಎರಡೂ ಮುಕ್ಕಾಲು ಪಾಲು ತಾವೇ ಸರಿಯಾಗುತ್ತವೆ. ಐದು ಸೂಚನೆ ಒಟ್ಟಿಗೆ ಕೊಟ್ಟರೆ ಅವರು ಒಂದನ್ನೂ ಮಾಡುವುದಿಲ್ಲ. ಈ ಮಧ್ಯೆ ಉಳಿದ ಏಳು ಜನ ಅದೇ ಬದಿಗೆ ಬಾಗಿಕೊಂಡು, ಇವರು ಯಾವಾಗ ಮೇಲೆ ಬನ್ನಿ ಅನ್ನುತ್ತಾರೋ ಅಂತ ಕಾಯುತ್ತಿರುತ್ತಾರೆ.

ಚೆನ್ನಾಗಿ ಅಡುಗೆ ಮಾಡುವವರನ್ನು ಉಪ್ಪು ಎಷ್ಟು ಅಂತ ಕೇಳಿದರೆ "ಕಣ್ಣಳತೆ" ಅನ್ನುತ್ತಾರಲ್ಲ, ಒಳ್ಳೆಯ ಅಭ್ಯಾಸಿಗಳದ್ದೂ ಅದೇ ಕಥೆ. ಮೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಚಿಕ್ಕಂದಿನಿಂದಲೂ ಮೈ ಸಡಿಲ ಇದ್ದವರಿಗಂತೂ ಬಿಗಿ ಮೈಯವರ ಕಷ್ಟ ಬೇಗ ಅರ್ಥವಾಗುವುದಿಲ್ಲ. ಪದ್ಮಾಸನ ಹಾಕಲು ತಿಣುಕಾಡಿದವರೇ ಎಷ್ಟೋ ಸಲ ಒಳ್ಳೆಯ ಶಿಕ್ಷಕರಾಗುತ್ತಾರೆ.

ನಮ್ಮ ಕಡೆಯ ಇತಿಹಾಸದಲ್ಲೇ ಇದಕ್ಕೆ ಉದಾಹರಣೆ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡವರು. ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅಯ್ಯಂಗಾರ್ ಆಸನ ಕಲಿತದ್ದು ಅಲ್ಲಿ. 1937ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಭಾವ ಅವರನ್ನು ಕಲಿಸಲು ಪುಣೆಗೆ ಕಳಿಸಿದರು. ಭಾಷೆ ಬರದ ಊರು. ತರಗತಿಯಲ್ಲಿ ತಮಗಿಂತ ಗಟ್ಟಿ ಮೈಯ ಹುಡುಗರು. ಅವರು ಕಲಿಸುತ್ತಲೇ ಕಲಿತರು, ದಿನಕ್ಕೆ ಎಷ್ಟೋ ಗಂಟೆ ಒಬ್ಬರೇ ಅಭ್ಯಾಸ ಮಾಡುತ್ತಾ. ಗೋಡೆ, ಕುರ್ಚಿ, ಬೆಲ್ಟ್, ಇಟ್ಟಿಗೆ ಬಳಸಿ ಎಂಥವರಿಗೂ ಆಸನ ಮಾಡಿಸುವ ಅವರ ಕ್ರಮ ಬೆಳೆದದ್ದು ಹಾಗೆ.

ಅದೇ 1937ರಲ್ಲಿ, ಅದೇ ಗುರುವಿನ ಇನ್ನೊಬ್ಬ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಸಂಸ್ಕೃತ ಕಾಲೇಜಿನಲ್ಲಿ ಯೋಗ ಕಲಿಸಲು ಶುರು ಮಾಡಿದರು. ಹಾಸನದ ಹತ್ತಿರದ ಕೌಶಿಕದವರು. ಹನ್ನೆರಡನೇ ವಯಸ್ಸಿನಲ್ಲೇ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಅವರ ಶಿಷ್ಯರಾದವರು. ಇವರು ಕ್ರಮವನ್ನು ಹಾಗೇ ಉಳಿಸಿಕೊಂಡು ಅದರಲ್ಲೇ ಆಳಕ್ಕೆ ಇಳಿದರು. ಗುರು ಒಬ್ಬರೇ, ಕಲಿಸುವ ರೀತಿ ಎರಡು. ಇಬ್ಬರ ಕೈಯಲ್ಲೂ 200 ಗಂಟೆಯ ಸರ್ಟಿಫಿಕೇಟ್ ಇರಲಿಲ್ಲ ಅಂತ ಕೆಲವರು ತಮಾಷೆ ಮಾಡುತ್ತಾರೆ. ನಿಜ. ಆದರೆ ಕಠಿಣ ಗುರು ಇದ್ದರು ಅನ್ನುವುದನ್ನೂ ಮರೆಯಬಾರದು.

ಪಾರ್ಕಿನಿಂದ ಶುರುವಾಗುವ ದಾರಿ

ಜಾಸ್ತಿ ಜನ ಲೆಕ್ಕಕ್ಕೇ ತಗೊಳ್ಳದ ದಾರಿ ಇದು. ನಮ್ಮ ಊರುಗಳಲ್ಲಿ ಬೆಳಗಿನ ಜಾವ ಪಾರ್ಕ್, ದೇವಸ್ಥಾನದ ಹಾಲ್, ಶಾಲೆಯ ಜಗಲಿ, ಕಲ್ಯಾಣ ಮಂಟಪಗಳಲ್ಲಿ ಉಚಿತ ಯೋಗ ತರಗತಿಗಳು ನಡೆಯುತ್ತವೆ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯಂಥ ಸಂಸ್ಥೆಗಳು ನಿಂತಿರುವುದೇ ಹೀಗೆ. ಅಲ್ಲಿ ಕಲಿಯಲು ಬಂದವರೇ ಕ್ರಮೇಣ ಮುಂದಿನ ಸಾಲಿಗೆ ಬರುತ್ತಾರೆ, ಆಮೇಲೆ ಎಣಿಕೆ ಹೇಳುತ್ತಾರೆ, ಆಮೇಲೆ ಪ್ರಾರ್ಥನೆ, ಆಮೇಲೆ ಇಡೀ ತರಗತಿ. ಇದಕ್ಕೂ ಹಿಂದೆ ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ಅಂದರೆ ನಮ್ಮ 'ತಿರುಕ', ಊರೂರಿನಲ್ಲಿ ಶಿಬಿರ ನಡೆಸಿ ಯೋಗವನ್ನು ಹಳ್ಳಿಗೆ ಮುಟ್ಟಿಸಿದ್ದರು.

ಈ ದಾರಿಯ ದೊಡ್ಡ ಲಾಭ ನಿಜವಾದ ಜನ. ರಿಟೈರ್ ಆದ ಮೇಷ್ಟ್ರು, ಮಂಡಿ ನೋವಿನ ಅಜ್ಜಿ, ಸ್ಲಿಪ್ ಡಿಸ್ಕ್ ಆಗಿರುವ ಡ್ರೈವರ್, ಪರೀಕ್ಷೆ ಒತ್ತಡದ ಹುಡುಗಿ, ಎಲ್ಲರೂ ಒಂದೇ ಜಮಖಾನದ ಮೇಲೆ. ಇಂಥ ಗುಂಪಿಗೆ ಕಲಿಸಿ ಬಂದವರಿಗೆ ಯಾವ ಗುಂಪೂ ಕಷ್ಟವಲ್ಲ. ಇನ್ನೊಂದು ಲಾಭ ಭಾಷೆ. "ಉಸಿರು ತಗೊಳ್ತಾ ಕೈ ಮೇಲೆ, ಬಿಡ್ತಾ ಮುಂದಕ್ಕೆ ಬಾಗಿ" ಅಂತ ಸರಾಗವಾಗಿ ಕನ್ನಡದಲ್ಲಿ ಹೇಳುವುದು ಇಲ್ಲಿ ತಾನಾಗಿ ಬರುತ್ತದೆ. ಇಂಗ್ಲಿಷ್ ಕೋರ್ಸ್ ಮುಗಿಸಿ ಬಂದ ಕೆಲವರು ಬಸವನಗುಡಿಯ ಅಜ್ಜಿಯರಿಗೂ "ಇನ್ಹೇಲ್, ಎಕ್ಸ್‌ಹೇಲ್, ಎಂಗೇಜ್ ಯುವರ್ ಕೋರ್" ಅನ್ನುತ್ತಿರುತ್ತಾರೆ. ಅಜ್ಜಿಯರು ಪಾಪ ಪಕ್ಕದವರನ್ನು ನೋಡಿ ಮಾಡುತ್ತಾರೆ.

ಕೊರತೆಯೂ ಇದೆ. ದೊಡ್ಡ ಗುಂಪಿನಲ್ಲಿ ಒಬ್ಬೊಬ್ಬರನ್ನೇ ನೋಡುವುದು ಕಡಿಮೆ. ಅಂಗರಚನೆ, ಯಾವ ಕಾಯಿಲೆಗೆ ಯಾವುದು ಬೇಡ ಅನ್ನುವ ಪಾಠ ಕೆಲವು ಕಡೆ ತೆಳು. ಇಲ್ಲಿ ಕಲಿಸಿದ ಅನುಭವಕ್ಕೆ ಹೊರಗೆ ಕಾಗದದ ಬೆಲೆಯೂ ಇಲ್ಲ. ಆದರೂ ಕಲಿಸುವುದು ನಿಮಗೆ ಒಗ್ಗುತ್ತದಾ ಅಂತ ತಿಳಿಯಲು ಇದಕ್ಕಿಂತ ಅಗ್ಗದ, ಪ್ರಾಮಾಣಿಕ ದಾರಿ ನನಗೆ ಗೊತ್ತಿಲ್ಲ.

ಒಬ್ಬ ಗುರು, ಒಂದು ಪದ್ಧತಿ, ಹಲವು ವರ್ಷ

ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಮತ್ತು ಅಯ್ಯಂಗಾರ್ ಪದ್ಧತಿ ಎರಡೂ ಈ ಸಾಲಿನವು. ಎರಡರಲ್ಲೂ ಅವಸರಕ್ಕೆ ಜಾಗವಿಲ್ಲ. ಆದರೆ ಒಂದಕ್ಕೊಂದು ತುಂಬಾ ಬೇರೆ.

ಜಗತ್ತೆಲ್ಲ 'ಮೈಸೂರ್ ಸ್ಟೈಲ್' ಅಂತ ಕರೆಯುವ ಅಷ್ಟಾಂಗದ ತರಗತಿಯಲ್ಲಿ ಶಿಕ್ಷಕರು ಮುಂದೆ ನಿಂತು ಎಲ್ಲರಿಗೂ ಒಟ್ಟಿಗೆ ಹೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಸರಣಿಯನ್ನು ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಶಿಕ್ಷಕರು ನಡುವೆ ಓಡಾಡುತ್ತಾ ಬೇಕಾದಲ್ಲಿ ಸರಿ ಮಾಡುತ್ತಾರೆ. ಒಂದು ಆಸನ ಕೂರದೆ ಮುಂದಿನದು ಸಿಗುವುದಿಲ್ಲ. ಮರೀಚ್ಯಾಸನದಲ್ಲೇ ತಿಂಗಳುಗಟ್ಟಲೆ ನಿಂತವರಿದ್ದಾರೆ. ಕಲಿಸಲು ಅನುಮತಿಯನ್ನು ಕೋರ್ಸ್ ಮಾಡಿ ಪಡೆಯುವ ಪದ್ಧತಿ ಮೈಸೂರಿನ ಜೋಯಿಸರ ಮನೆತನದಲ್ಲಿ ಇರಲಿಲ್ಲ. ವರ್ಷ ವರ್ಷ ಬಂದು ಅಭ್ಯಾಸ ಮಾಡಿದವರನ್ನು ನೋಡಿ ಗುರುಗಳೇ ಕೊಡುತ್ತಿದ್ದರು. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೆ ಮೊಮ್ಮಗ ಶರತ್ ಜೋಯಿಸ್ ಮುಂದುವರಿಸಿದರು. ಅವರೂ 2024ರ ನವೆಂಬರಿನಲ್ಲಿ ಹಠಾತ್ತನೆ ತೀರಿಕೊಂಡರು. ಹಾಗಾಗಿ ಈಗ ಅನುಮತಿಯ ವ್ಯವಸ್ಥೆ ಹೇಗೆ ಅಂತ ಹಳೆಯ ಲೇಖನಗಳನ್ನು ನಂಬದೆ ನೇರವಾಗಿ ಮೈಸೂರಿನಲ್ಲೇ ಕೇಳಿ.

ಈ ಪದ್ಧತಿಯಲ್ಲಿ ಕೈಯಿಂದ ಸರಿ ಮಾಡುವುದು ಜಾಸ್ತಿ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಪಟ್ಟಾಭಿ ಜೋಯಿಸರು ಮುಟ್ಟಿದ ರೀತಿಯ ಬಗ್ಗೆ ಹಲವು ಶಿಷ್ಯೆಯರು ಬಹಿರಂಗವಾಗಿ ಆರೋಪ ಮಾಡಿದ್ದಾರೆ. 2019ರಲ್ಲಿ ಶರತ್ ಆ ಬಗ್ಗೆ ಬಹಿರಂಗವಾಗಿಯೇ ವಿಷಾದ ಹೇಳಿದರು. ನೀವು ಯಾವ ದಾರಿ ಹಿಡಿದರೂ ಸರಿ, ಕೇಳದೆ ಮುಟ್ಟಬೇಡಿ. "ಬೆನ್ನಿಗೆ ಸ್ವಲ್ಪ ಕೈ ಇಡಲಾ?" ಅಂತ ಕೇಳಲು ಎರಡು ಸೆಕೆಂಡ್ ಸಾಕು. ಬೇಡ ಅಂದರೆ ಬಾಯಲ್ಲೇ ಹೇಳಿಕೊಡಿ.

ಅಯ್ಯಂಗಾರ್ ಪದ್ಧತಿಯಲ್ಲಿ ಲಿಖಿತ ಕ್ರಮವಿದೆ. ಮೊದಲು ಸರ್ಟಿಫೈಡ್ ಶಿಕ್ಷಕರ ಬಳಿ ಕೆಲವು ವರ್ಷ ನಿಯಮಿತವಾಗಿ ಕಲಿಯಬೇಕು. ಆಮೇಲೆ ಅಂಥವರ ಕೈಕೆಳಗೆ ತಯಾರಾಗಬೇಕು. ಕೊನೆಗೆ ಅಸೆಸ್‌ಮೆಂಟ್. ಅಲ್ಲಿ ನೀವು ಆಸನ ಮಾಡುವುದನ್ನೂ ನೋಡುತ್ತಾರೆ, ಕಲಿಸುವುದನ್ನೂ ನೋಡುತ್ತಾರೆ. ಇದರ ಕೇಂದ್ರ 1975ರಲ್ಲಿ ಪುಣೆಯಲ್ಲಿ ಶುರುವಾದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ. ವಯಸ್ಸಾದವರಿಗೆ, ಮೈ ಬಿಗಿ ಇರುವವರಿಗೆ, ನೋವಿರುವವರಿಗೆ ಕಲಿಸುವ ಮನಸ್ಸಿದ್ದರೆ ನಾನು ಈ ಕಡೆಗೇ ಕೈ ತೋರಿಸುತ್ತೇನೆ. ಗೋಡೆಗೆ ಕೈ ಕೊಟ್ಟು ಅರ್ಧ ಬಾಗಿಸುವುದು ಹೇಗೆ, ಕುರ್ಚಿಯ ಮೇಲೆ ಕೂರಿಸಿ ಬೆನ್ನು ತಿರುಗಿಸುವುದು ಹೇಗೆ ಅನ್ನುವುದನ್ನು ಇವರಷ್ಟು ಬಿಡಿಸಿ ಕಲಿಸುವವರು ಕಡಿಮೆ. ಆದರೆ ಮುಂದಿನ ವರ್ಷವೇ ಇದರಿಂದ ಸಂಪಾದನೆ ಅಂದುಕೊಂಡರೆ ಆಗದ ಮಾತು.

ಒಂದು ತಿಂಗಳ ಕೋರ್ಸ್

200 ಗಂಟೆಯನ್ನು ದಿನಕ್ಕೆ ಎಂಟು ಗಂಟೆಯಂತೆ ಹಂಚಿದರೆ 25 ದಿನ. ಹೃಷಿಕೇಶ, ಗೋವಾ, ಮೈಸೂರಿನಲ್ಲಿ ನಡೆಯುವ ಹೆಚ್ಚಿನ ಕೋರ್ಸುಗಳು ತಿಂಗಳೊಳಗೆ ಮುಗಿಯುವುದು ಇದೇ ಲೆಕ್ಕಕ್ಕೆ. ಈ 200ರ ಅಳತೆ ಜಗತ್ತಿಗೆಲ್ಲ ಹಬ್ಬಿದ್ದು ಅಮೆರಿಕದ ಯೋಗ ಅಲಯನ್ಸ್ ಎಂಬ ಖಾಸಗಿ ಸಂಸ್ಥೆಯಿಂದ. ಅದು ನೋಂದಣಿ ಮಾಡಿಕೊಳ್ಳುವ ಸಂಸ್ಥೆ. ನಿಮ್ಮನ್ನು ಪರೀಕ್ಷಿಸಿ ಪಾಸ್ ಮಾಡುವುದು ನೀವು ಓದಿದ ಶಾಲೆ. ಹಾಗಾಗಿ ಶಾಲೆ ಹೇಗೋ ಸರ್ಟಿಫಿಕೇಟ್ ಹಾಗೆ. 'ಅಂತರರಾಷ್ಟ್ರೀಯ ಮಾನ್ಯತೆ' ಅಂತ ಬ್ಯಾನರಿನಲ್ಲಿ ನೋಡಿ ಸರ್ಕಾರಿ ಕೆಲಸಕ್ಕೆ ಆಗುತ್ತದೆ ಅಂದುಕೊಳ್ಳಬೇಡಿ.

ನಮ್ಮಲ್ಲಿ ಬೇರೆ ಧಾಟಿಯ ಕೋರ್ಸುಗಳೂ ಇವೆ. ಬೆಂಗಳೂರಿನ ಹತ್ತಿರ ಜಿಗಣಿಯ ಪ್ರಶಾಂತಿ ಕುಟೀರದಲ್ಲಿರುವ ಎಸ್-ವ್ಯಾಸ ವಿಶ್ವವಿದ್ಯಾಲಯದ ಯೋಗ ಇನ್‌ಸ್ಟ್ರಕ್ಟರ್ ಕೋರ್ಸ್, ಅಂದರೆ ವೈಐಸಿ, ಇಲ್ಲಿನವರಿಗೆಲ್ಲ ಗೊತ್ತಿರುವ ಹೆಸರು. ಒಂದು ತಿಂಗಳ ವಸತಿ ಕೋರ್ಸ್. ಆಸನದ ಜೊತೆ ಉಪನ್ಯಾಸ, ಧ್ಯಾನ, ಭಜನೆ, ಕ್ರಿಯೆಗಳು, ಕಲಿಸುವ ಅಭ್ಯಾಸ. ಕೇರಳದ ನೆಯ್ಯಾರ್ ಡ್ಯಾಮ್‌ನಲ್ಲಿರುವ ಶಿವಾನಂದ ಆಶ್ರಮದ ನಾಲ್ಕು ವಾರದ ಶಿಕ್ಷಕರ ತರಬೇತಿಗೂ ಒಳ್ಳೆಯ ಹೆಸರಿದೆ. ಅಲ್ಲಿ ಆಶ್ರಮದ ಶಿಸ್ತು ಬಿಗಿ, ಊಟವೂ ಅದಕ್ಕೆ ತಕ್ಕಂತೆ.

ಒಂದು ತಿಂಗಳು ಸಾಕಾ? ಐದಾರು ವರ್ಷ ಅಭ್ಯಾಸ ಮಾಡಿ ಹೋದವರಿಗೆ ಅದು ಬಹಳ ಕೊಡುತ್ತದೆ. ಗೊತ್ತಿದ್ದದ್ದಕ್ಕೆಲ್ಲ ಒಂದು ವ್ಯವಸ್ಥೆ ಬರುತ್ತದೆ. ದಿನವೂ ಸಹಪಾಠಿಗಳಿಗೆ ಕಲಿಸಿ ನಾಲಿಗೆ ತಿರುಗುತ್ತದೆ. ಆರು ತಿಂಗಳ ಹಿಂದೆ ಮೊದಲ ಸಲ ಮ್ಯಾಟ್ ಕೊಂಡವರು ಹೋದರೆ ಸುಸ್ತಾಗಿ, ಕೆಲವೊಮ್ಮೆ ತೊಡೆ ಹಿಂದಿನ ಸ್ನಾಯು ಎಳೆಸಿಕೊಂಡು, ಒಂದು ಫೋಟೋ ತಗೊಂಡು ಬರುತ್ತಾರೆ. ಕೋರ್ಸ್ ಒಂದೇ ಆದರೂ ಸಿಗುವುದು ಬೇರೆ.

ಆಯುಷ್‌ನ ಪರೀಕ್ಷೆ

ಕೇಂದ್ರದ ಆಯುಷ್ ಸಚಿವಾಲಯದ ಅಡಿಯಲ್ಲಿ ಯೋಗ ಸರ್ಟಿಫಿಕೇಷನ್ ಬೋರ್ಡ್ ಇದೆ. ಎಲ್ಲರೂ ವೈಸಿಬಿ ಅನ್ನುತ್ತಾರೆ. ಮುಖ್ಯ ಹಂತಗಳು ನಾಲ್ಕು: ಯೋಗ ಪ್ರೋಟೊಕಾಲ್ ಇನ್‌ಸ್ಟ್ರಕ್ಟರ್, ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್, ಯೋಗ ಟೀಚರ್ ಅಂಡ್ ಇವ್ಯಾಲ್ಯುಯೇಟರ್, ಯೋಗ ಮಾಸ್ಟರ್. ಪಠ್ಯದ ಅಳತೆ ಕ್ರಮವಾಗಿ 200, 400, 800, 1600 ಗಂಟೆ. ಯೋಗ ಚಿಕಿತ್ಸೆಗೆ ಬೇರೆಯೇ ಸಾಲು ಇದೆ.

ಸ್ವಂತ ಅಭ್ಯಾಸದಿಂದ ಬಂದವರಿಗೆ ಇದರಲ್ಲೊಂದು ಅನುಕೂಲ ಇದೆ. ಇಂಥ ಶಾಲೆಯಲ್ಲೇ ಓದಿರಬೇಕು ಅಂತಿಲ್ಲ. ಮನೆಯಲ್ಲಿ ಓದಿ, ಗುರುಗಳ ಬಳಿ ಅಭ್ಯಾಸ ಮಾಡಿ, ನೇರವಾಗಿ ಪರೀಕ್ಷೆಗೆ ಕೂರಬಹುದು. ಥಿಯರಿ ಇರುತ್ತದೆ, ಪ್ರಾಕ್ಟಿಕಲ್ ಇರುತ್ತದೆ, ಕಲಿಸಿ ತೋರಿಸುವುದೂ ಇರುತ್ತದೆ. ಪತಂಜಲಿಯ ಸೂತ್ರ, ಹಠಯೋಗದ ಗ್ರಂಥಗಳು, ಷಟ್ಕರ್ಮ ಅನ್ನುವ ಆರು ಶುದ್ಧಿಕ್ರಿಯೆಗಳು, ಸ್ವಲ್ಪ ಅಂಗರಚನೆ ಓದಬೇಕು. ಮೊದಲ ಹಂತದ ಬೆನ್ನೆಲುಬು ಜೂನ್ 21ರಂದು ಎಲ್ಲೆಡೆ ಮಾಡಿಸುವ 45 ನಿಮಿಷದ ಸಾಮಾನ್ಯ ಯೋಗ ಪ್ರೋಟೊಕಾಲ್.

ಕಾರ್ಪೊರೇಟ್ ತರಗತಿ, ಶಾಲೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಬೆಲೆ ಇದೆ. ಆಯುಷ್ ಆರೋಗ್ಯ ಕೇಂದ್ರಗಳ ಅರೆಕಾಲಿಕ ಯೋಗ ಹುದ್ದೆಗೆ ಹಲವು ರಾಜ್ಯಗಳು ಕೊಟ್ಟಿರುವುದು ಒಂದು ತರಗತಿಗೆ 250 ರೂಪಾಯಿ ಲೆಕ್ಕ. ಅದರಲ್ಲೇ ಮನೆ ನಡೆಸುವುದು ಕಷ್ಟ, ಆದರೆ ಅನುಭವ ಗಟ್ಟಿ. ಈ ಪರೀಕ್ಷೆಯ ಮಿತಿ ಏನಪ್ಪಾ ಅಂದರೆ, ಇದು ಅಳೆಯುತ್ತದೆ, ಕಲಿಸುವುದಿಲ್ಲ. ನಿಮ್ಮ ತ್ರಿಕೋನಾಸನ ನೋಡಿ ಅಂಕ ಕೊಡುತ್ತಾರೆ. ಹಿಂದಿನ ಸಾಲಿನ ಆಂಟಿಯನ್ನು ನೋಡುವ ಕಣ್ಣನ್ನು ನೀವು ಬೇರೆ ಕಡೆಯಿಂದ ತರಬೇಕು.

ಯೂನಿವರ್ಸಿಟಿ

ಕಾಲೇಜಿನಲ್ಲಿ ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು ಅಂದರೆ ಇದೊಂದೇ ದಾರಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಯೋಗಕ್ಕೇ ವಿಭಾಗವಿದೆ. ಎಸ್-ವ್ಯಾಸದಲ್ಲಿ ಬಿಎಸ್‌ಸಿಯಿಂದ ಪಿಎಚ್‌ಡಿವರೆಗೆ ಇದೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ 2017ರಿಂದ ಯೋಗವೂ ಒಂದು ವಿಷಯ. ರೋಗಿಗಳಿಗೆ ಚಿಕಿತ್ಸೆ ಕೊಡುವುದೇ ಗುರಿ ಆದರೆ ಪಿಯುಸಿ ವಿಜ್ಞಾನದ ನಂತರ ಐದೂವರೆ ವರ್ಷದ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಉಜಿರೆಯ ಎಸ್‌ಡಿಎಂ ಕಾಲೇಜು ಇದರಲ್ಲಿ ಹಳೆಯದು. ನಲವತ್ತು ದಾಟಿ, ಕೆಲಸದಲ್ಲಿದ್ದು, ಸಂಜೆ ಒಂದು ಬ್ಯಾಚ್ ಮಾಡೋಣ ಅನ್ನುವವರಿಗೆ ಇದು ಬೇಕಿಲ್ಲ. ಪಿಜಿ ಡಿಪ್ಲೊಮಾ ಒಂದು ವರ್ಷದ್ದು, ಬೇಕಾದರೆ ಯೋಚಿಸಬಹುದು.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕ, ಯುರೋಪಿನ ಸ್ಟುಡಿಯೋಗಳು ಸಾಮಾನ್ಯವಾಗಿ ಯೋಗ ಅಲಯನ್ಸ್‌ನ ಆರ್‌ವೈಟಿ 200 (200 ಗಂಟೆ ತರಬೇತಿ ಪಡೆದ ನೋಂದಾಯಿತ ಶಿಕ್ಷಕ ಅನ್ನುವ ಗುರುತು) ಕೇಳುತ್ತವೆ, ಜೊತೆಗೆ ಇನ್ಶೂರೆನ್ಸ್ ಕೇಳುತ್ತವೆ. ಅಲ್ಲಿಗೆ ಆ ಒಂದು ತಿಂಗಳ ಕೋರ್ಸ್ ಕೆಲಸಕ್ಕೆ ಬರುತ್ತದೆ. ಸರ್ಟಿಫಿಕೇಟಿಗಿಂತ ಮೊದಲು ವೀಸಾ ನೋಡಿಕೊಳ್ಳಿ. ಕೆಲಸಕ್ಕೆ ಅನುಮತಿ ಇಲ್ಲದ ಡಿಪೆಂಡೆಂಟ್ ವೀಸಾದಲ್ಲಿದ್ದು, ಸುಮ್ನೆ ನಾಲ್ಕು ಜನ ಅಕ್ಕಪಕ್ಕದವರಿಗೆ ದುಡ್ಡು ತಗೊಂಡು ಕಲಿಸಿದರೂ ಅದು ಕೆಲಸವೇ. ಕನ್ನಡ ಕೂಟದಲ್ಲಿ ಭಾನುವಾರದ ಉಚಿತ ತರಗತಿಯಿಂದ ಶುರು ಮಾಡಿದವರು ಬಹಳ ಜನ.

ಹಾಗಾದರೆ ಯಾವುದು?

ಮನೆ ಸುತ್ತಮುತ್ತ ನಾಲ್ಕು ಜನರಿಗೆ ಕಲಿಸುವ ಆಸೆ ಇದ್ದರೆ ನಿಮ್ಮ ಗುರುಗಳ ತರಗತಿಯಲ್ಲೇ ಸಹಾಯಕರಾಗಿ, ಆಮೇಲೆ ಬೇಕಾದರೆ ವೈಸಿಬಿಯ ಮೊದಲ ಹಂತ ಬರೆಯಿರಿ. ಖರ್ಚು ಕಡಿಮೆ, ಕಲಿಕೆ ಜಾಸ್ತಿ. ಕೆಲಸ ಬಿಟ್ಟು ಪೂರ್ತಿ ಇದನ್ನೇ ಮಾಡುತ್ತೇನೆ ಅನ್ನುವವರು ವಸತಿ ಕೋರ್ಸ್ ಮತ್ತು ವೈಸಿಬಿ ಎರಡನ್ನೂ ಮಾಡಿಕೊಂಡು, ಒಂದು ವರ್ಷದ ಮನೆ ಖರ್ಚು ಕೈಯಲ್ಲಿಟ್ಟುಕೊಂಡು ಇಳಿಯುವುದು ಒಳ್ಳೆಯದು. ಒಂದೇ ಪದ್ಧತಿಯ ಆಳ ಬೇಕು, ಸಂಪಾದನೆಗೆ ಅವಸರವಿಲ್ಲ ಅನ್ನುವ ಪುಣ್ಯವಂತರಿಗೆ ಮೈಸೂರು, ಪುಣೆಯ ದಾರಿ ತೆರೆದೇ ಇದೆ.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಆ ಶಾಲೆಯವರನ್ನು ಕೆಲವು ವಿಷಯ ಕೇಳಿ. ಒಂದು ಬ್ಯಾಚಿಗೆ ಎಷ್ಟು ಜನ? ನಾನು ಖುದ್ದು ಕಲಿಸುವುದನ್ನು ಯಾರು ಕೂತು ನೋಡುತ್ತಾರೆ, ಎಷ್ಟು ಸಲ? ಬಿಪಿ, ಗ್ಲೂಕೋಮಾ, ಗರ್ಭಿಣಿ, ಡಿಸ್ಕ್ ತೊಂದರೆ ಇರುವವರಿಗೆ ಏನು ಮಾಡಿಸಬಾರದು ಅನ್ನುವುದನ್ನು ಯಾರು ಪಾಠ ಮಾಡುತ್ತಾರೆ? ಫೇಲ್ ಮಾಡಿದ್ದೀರಾ ಯಾರನ್ನಾದರೂ? ಕೊನೆಯ ಪ್ರಶ್ನೆಗೆ ನಗುತ್ತಾ "ಎಲ್ಲರೂ ಪಾಸ್" ಅಂದರೆ ಇನ್ನೊಂದು ಶಾಲೆ ನೋಡಿ.

ಇನ್ನೊಂದು ವಿಷಯಕ್ಕೆ ಯಾವ ಕೋರ್ಸಿನಲ್ಲೂ ಪಾಠವಿಲ್ಲ. ಕಲಿಸಲು ಶುರು ಮಾಡಿದ ಮೇಲೆ ಮೊದಲು ಹಾಳಾಗುವುದು ಸ್ವಂತ ಅಭ್ಯಾಸ. ಜನ ಕೇಳುವುದು ಬೆಳಿಗ್ಗೆ ಆರರ ಬ್ಯಾಚ್, ನೀವು ಇಷ್ಟು ವರ್ಷ ಅಭ್ಯಾಸ ಮಾಡಿದ್ದೂ ಅದೇ ಹೊತ್ತಿಗೆ. ಎಂಟಕ್ಕೆ ಮಾಡೋಣ ಅಂದುಕೊಂಡರೆ ಅಷ್ಟೊತ್ತಿಗೆ ತಿಂಡಿ, ಮಕ್ಕಳ ಡಬ್ಬಿ, ಆಫೀಸ್. ತರಗತಿಯಲ್ಲಿ ತೋರಿಸಲು ಮಾಡುವ ಆಸನ ನಿಮ್ಮ ಅಭ್ಯಾಸವಾಗುವುದಿಲ್ಲ. ಬಲಗಡೆ ಮಾಡಿ ತೋರಿಸಿ ಎಡಗಡೆ ಹೊತ್ತಿಗೆ ಎದ್ದು ಓಡಾಡುತ್ತಿರುತ್ತೀರಿ. ಶರತ್ ಜೋಯಿಸ್ ತಮ್ಮ ಅಭ್ಯಾಸಕ್ಕೆ ನಡುರಾತ್ರಿ ಒಂದರ ಸುಮಾರಿಗೆ ಏಳುತ್ತಿದ್ದರು. ಅಷ್ಟು ನಮ್ಮಿಂದಾಗುವುದಿಲ್ಲ ಬಿಡಿ. ಮೊದಲ ವರ್ಷ ವಾರಕ್ಕೆ ಮೂರು ದಿನ ಮಾತ್ರ, ಅದೂ ಸಂಜೆಯ ಬ್ಯಾಚ್ ಒಪ್ಪಿಕೊಳ್ಳಿ. ಬೆಳಿಗ್ಗೆಯೇ ಬೇಕು ಅಂತ ಹಟ ಹಿಡಿದವರಿಗೆ ಹತ್ತಿರದ ಪಾರ್ಕಿನ ಉಚಿತ ತರಗತಿಯ ವಿಳಾಸ ಕೊಟ್ಟು ಕಳಿಸಿ.